ಎಲೆಯ ಬೆನ್ನಿಗೆ ಹಿಡಿದ ತುಕ್ಕು

ಭಾದ್ರಪದದ ಮಳೆ ಹಿಡಿದು ನಿಂತಿರುವಾಗ ಬೆಂಗಳೂರಿನ ಯಾವುದಾದರೂ ಬಡಾವಣೆಯಲ್ಲಿ ಗೇಟಿನ ಪಕ್ಕದ ದೇವಕಣಗಿಲೆ ಗಿಡದ ಎಲೆಯೊಂದನ್ನು ಮಗುಚಿ ನೋಡಿ. ಮೇಲಿನಿಂದ ಕಂಡದ್ದು ಸಣ್ಣ ಸಣ್ಣ ಹಳದಿ ಚುಕ್ಕೆಗಳಷ್ಟೆ. ಕೆಳಗಡೆ, ಅದೇ ಚುಕ್ಕೆಗಳ ಬೆನ್ನಿಗೆ, ಕಿತ್ತಳೆ ಬಣ್ಣದ ಪುಡಿ ಉಬ್ಬಿ ನಿಂತಿರುತ್ತದೆ. ಬೆರಳಾಡಿಸಿದರೆ ಅರಿಶಿನ ಕುಟ್ಟಿದ ಕೈಯ ಹಾಗಾಗುತ್ತದೆ. ಇದು ತುಕ್ಕು ರೋಗ. ತರುವ ಶಿಲೀಂಧ್ರದ ಹೆಸರು ಕೋಲಿಯೊಸ್ಪೋರಿಯಂ ಪ್ಲುಮೇರಿಯೆ. ಇನ್ನೂ ಎದೆಯೆತ್ತರ ಬೆಳೆಯದ ಗಿಡವಾದರೆ ದೀಪಾವಳಿಯ ಹೊತ್ತಿಗೆ ಬೋಳು ಕಡ್ಡಿಗಳಷ್ಟೇ ಉಳಿಯುತ್ತವೆ.

ಆಮೇಲೆ ನಡೆಯುವುದೂ ಬಹುತೇಕ ಒಂದೇ ರೀತಿ. ಎಲೆಯ ಫೋಟೊ ವಾಟ್ಸ್‌ಆ್ಯಪ್ ಗುಂಪಿಗೆ ಹೋಗುತ್ತದೆ. ಒಬ್ಬರು ಬೇವಿನೆಣ್ಣೆ ಅನ್ನುತ್ತಾರೆ, ಇನ್ನೊಬ್ಬರು ಅಡುಗೆ ಸೋಡ, ಮತ್ತೊಬ್ಬರು ಹುಳಿ ಮಜ್ಜಿಗೆ. ಗೊಬ್ಬರದಂಗಡಿಗೆ ಹೋದರೆ ಒಂದು ಶಿಲೀಂಧ್ರನಾಶಕ, ಒಂದು ಕೀಟನಾಶಕ, ಜೊತೆಗೆ 'ಒಂದು ಟಾನಿಕ್ ಇರಲಿ ಸಾರ್' ಎಂದು ಮೂರು ಬಾಟಲಿ ಚೀಲಕ್ಕೆ ಬೀಳುತ್ತವೆ. ಭಾನುವಾರ ಹನ್ನೊಂದು ಗಂಟೆಯ ಬಿಸಿಲಲ್ಲಿ ಎಲ್ಲವನ್ನೂ ಬೆರೆಸಿ ಎಲೆಯ ಮೇಲ್ಭಾಗಕ್ಕೆ ಸಿಂಪಡಿಸಲಾಗುತ್ತದೆ. ರೋಗ ಕೂತಿರುವುದು ಕೆಳಭಾಗದಲ್ಲಿ.

ಈ ಮೂರು ಬಾಟಲಿಗಳಲ್ಲಿ ಎರಡು ಯಾವತ್ತೂ ಬೇಕಿಲ್ಲ, ಮೂರನೆಯದೂ ಬಹಳಷ್ಟು ಸಲ ಬೇಕಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಲಂಕಾರದ ಮರಗಳ ಎಲೆರೋಗದಲ್ಲಿ ಮೊದಲು ಕೇಳಬೇಕಾದದ್ದು 'ಯಾವ ಔಷಧಿ' ಅಂತಲ್ಲ. 'ಗಿಡಕ್ಕೆ ವಯಸ್ಸೆಷ್ಟು' ಅಂತ.

ದೇವಕಣಗಿಲೆ, ಗೋಸಂಪಿಗೆ, ಕಾಡುಸಂಪಿಗೆ ಎಂದೆಲ್ಲ ಊರಿಗೊಂದು ಹೆಸರಿಟ್ಟು, ದೇವಸ್ಥಾನದ ಪ್ರಾಕಾರದಲ್ಲಿ ನೆಟ್ಟು ನಮ್ಮದನ್ನಾಗಿ ಮಾಡಿಕೊಂಡಿದ್ದರೂ ಈ ಮರದ ತವರು ಮೆಕ್ಸಿಕೊ, ಮಧ್ಯ ಅಮೆರಿಕ ಮತ್ತು ಕೆರಿಬಿಯನ್ ದ್ವೀಪಗಳು. ಅದರ ತುಕ್ಕಿನ ತವರೂ ಅದೇ ಸೀಮೆ. ಫ್ರಾನ್ಸಿನ ಶಿಲೀಂಧ್ರತಜ್ಞ ನಾರ್ಸಿಸ್ ಪಟುಯಾರ್ 1902ರಲ್ಲಿ ಗ್ವಾಡಲೂಪ್ ದ್ವೀಪದ ಮಾದರಿಯಿಂದ ಇದನ್ನು ವರ್ಣಿಸಿದರು. ಮರ ಸಮುದ್ರ ದಾಟಿ ನಾಲ್ಕಾರು ಶತಮಾನವಾದರೂ ತುಕ್ಕು ಮಾತ್ರ ಬಹುಕಾಲ ತವರಿನ ಆಸುಪಾಸಿನಲ್ಲೇ ಇತ್ತು. 1991ರಲ್ಲಿ ಹವಾಯಿಯಲ್ಲಿ ಕಾಣಿಸಿತು. ಅಲ್ಲಿ ಈ ಹೂವಿನ ಹಾರ ಹಾಕಿ ಅತಿಥಿಗಳನ್ನು ಬರಮಾಡಿಕೊಳ್ಳುವುದು ವಾಡಿಕೆಯಾದ್ದರಿಂದ ಸುದ್ದಿಯೂ ದೊಡ್ಡದಾಯಿತು. ಮುಂದಿನ ಹದಿನೈದಿಪ್ಪತ್ತು ವರ್ಷಗಳಲ್ಲಿ ಏಷ್ಯಾ, ಆಫ್ರಿಕ, ಆಸ್ಟ್ರೇಲಿಯಗಳ ಸರದಿ. ಭಾರತದಲ್ಲಿ ಇದು ದಾಖಲಾದದ್ದು ಈ ಶತಮಾನದ ಮೊದಲ ದಶಕದಲ್ಲಿ. ಚಿಕ್ಕಂದಿನಲ್ಲಿ ನೋಡಿದ ದೇವಕಣಗಿಲೆಗೆ ಈ ಕಾಯಿಲೆ ಇರಲಿಲ್ಲವಲ್ಲ ಎಂದು ಹಿರಿಯರು ಹೇಳಿದರೆ ಅದು ಹಳೆಯ ಕಾಲದ ಮೇಲಿನ ಮೋಹವಲ್ಲ. ಆಗ ನಿಜಕ್ಕೂ ಇರಲಿಲ್ಲ.

ಗಾಳಿ ಇದನ್ನು ಬೀದಿಯಿಂದ ಬೀದಿಗೆ ಒಯ್ಯುತ್ತದೆ. ಊರಿಂದ ಊರಿಗೆ ಒಯ್ಯುವವರು ನಾವು. ದೇವಕಣಗಿಲೆಯನ್ನು ಬೀಜದಿಂದ ಬೆಳೆಸುವವರು ಅಪರೂಪ. 'ನಿಮ್ಮ ಗುಲಾಬಿ ಬಣ್ಣದ್ದು ಒಂದು ಕೊಂಬೆ ಕೊಡ್ರೀ' ಎಂದು ಕೇಳಿ, ಕಾರಿನ ಹಿಂಬದಿಯಲ್ಲಿ ಎಲೆಸಮೇತ ಹಾಕಿಕೊಂಡು ಬರುವುದೇ ರೂಢಿ. ಈ ತುಕ್ಕು ಮನೆ ಮಾಡುವುದು ಎಲೆಯಲ್ಲಿ, ಕೊಂಬೆಯ ತಿರುಳಿನಲ್ಲಲ್ಲ. ಆದ್ದರಿಂದ ಕೊಂಬೆ ಕಡಿದ ಜಾಗದಲ್ಲೇ ಎಲ್ಲ ಎಲೆಗಳನ್ನೂ ಸವರಿ ಅಲ್ಲೇ ಬಿಟ್ಟು ಬಂದರೆ ರೋಗದ ಬಹುಪಾಲು ಅಲ್ಲೇ ಉಳಿಯುತ್ತದೆ. ಹೇಗೂ ಹಾಲು ಒಣಗಿ ಗಾಯ ಮಾಯಲು ವಾರವಾದರೂ ನೆರಳಲ್ಲಿ ಇಟ್ಟೇ ಕೊಂಬೆ ನೆಡಬೇಕು. ಎಲೆ ಇಟ್ಟುಕೊಂಡು ಆಗಬೇಕಾದದ್ದೇನೂ ಇಲ್ಲ.

ತುಕ್ಕಿನ ಜಾತಿಯ ಶಿಲೀಂಧ್ರಗಳಿಗೆ ಒಂದು ಹಟವಿದೆ: ಜೀವಂತ ಎಲೆ, ಕಾಂಡಗಳಲ್ಲಲ್ಲದೆ ಬೇರೆಲ್ಲೂ ಬೆಳೆಯವು. ಸತ್ತ ಎಲೆಯಲ್ಲಿ, ಮಣ್ಣಿನಲ್ಲಿ, ಗೊಬ್ಬರದಲ್ಲಿ ಅವುಗಳ ಸಂಸಾರ ನಡೆಯುವುದಿಲ್ಲ. ಇನ್ನೊಂದು ಹಟ, ತಮ್ಮ ಗಿಡವನ್ನು ಬಿಟ್ಟು ಬೇರೆ ಗಿಡಕ್ಕೆ ಸುಲಭವಾಗಿ ಹೋಗವು. ದೇವಕಣಗಿಲೆಯ ಕಿತ್ತಳೆ ಪುಡಿ ಪಕ್ಕದ ಗುಲಾಬಿಗೋ ಕರಿಬೇವಿಗೋ ಹಬ್ಬೀತು ಎಂಬ ಹೆದರಿಕೆ ಬೇಡ. ಇದೇ ಕುಲದ ಬೇರೆ ಶಿಲೀಂಧ್ರಗಳು ಜೀವನಚಕ್ರ ಮುಗಿಸಲು ಪೈನ್ ಮರವನ್ನೂ ಆಶ್ರಯಿಸುತ್ತವೆ. ನಮ್ಮ ಊರುಗಳಲ್ಲಿ ಪೈನ್ ಎಲ್ಲಿಂದ ಬರಬೇಕು? ಆದರೂ ಇದು ಆರಾಮವಾಗಿದೆ. ಕಿತ್ತಳೆ ಬೀಜಕಗಳಿಂದಲೇ ಮತ್ತೆ ಮತ್ತೆ ಹುಟ್ಟಿಕೊಂಡು ವರ್ಷಗಟ್ಟಲೆ ನಡೆಸಿಬಿಡುತ್ತದೆ. ಗೋಧಿಯ ತುಕ್ಕಿನ ವಿಚಾರದಲ್ಲಿ ಇಂಥದೇ ಸತ್ಯವನ್ನು ಕಂಡುಕೊಂಡವರು ಆಗ್ರಾದ ಕರಮ್ ಚಂದ್ ಮೆಹ್ತಾ. ಯುರೋಪಿನಲ್ಲಿ ಗೋಧಿಯ ಕಾಂಡದ ತುಕ್ಕು ಬಾರ್ಬೆರಿ ಪೊದೆಯ ಮೂಲಕ ಉಳಿಯುತ್ತದೆ. ಭಾರತದಲ್ಲಿ ಅದಕ್ಕೆ ಆ ಪೊದೆ ಬೇಕಿಲ್ಲ, ಬಯಲಿನ ಬಿಸಿಲಿಗೆ ಸತ್ತರೂ ಬೆಟ್ಟಸೀಮೆಯ ತಂಪಿನಲ್ಲಿ ಉಳಿದು ಪ್ರತಿ ವರ್ಷ ಗಾಳಿಯಲ್ಲಿ ಇಳಿದು ಬರುತ್ತದೆ ಎಂದು ಅವರು ತೋರಿಸಿದರು. ನೀಲಗಿರಿ, ಪಳನಿ ಬೆಟ್ಟಗಳಿಂದ ಹೊರಟ ಆ ಬೀಜಕಗಳೇ ನಮ್ಮ ಧಾರವಾಡ ಸೀಮೆಯ ಗೋಧಿಗೂ ಬರುವುದು. ದೇವಕಣಗಿಲೆಯ ತುಕ್ಕು ಅಷ್ಟು ದೂರ ಹೋಗಬೇಕಾಗಿಲ್ಲ. ಬೇಸಿಗೆಯಲ್ಲೂ ಎಲೆ ಉದುರಿಸದ ಒಂದು ಗಿಡ ಬೀದಿಯಲ್ಲಿದ್ದರೆ ಸಾಕು.

ಬೀಜಕ ಎಲೆಗೆ ಬಿದ್ದ ಮಾತ್ರಕ್ಕೆ ರೋಗ ಬರುವುದಿಲ್ಲ. ಎಲೆಯ ಮೇಲೆ ನೀರಿನ ತೆಳುಪದರ ಕೆಲವು ಗಂಟೆ ಆರದೆ ನಿಲ್ಲಬೇಕು. ಆಗ ಬೀಜಕ ಮೊಳೆತು, ಎಲೆಯ ಬೆನ್ನಿನಲ್ಲಿರುವ ಉಸಿರಾಟದ ರಂಧ್ರ ಹುಡುಕಿ ಒಳಹೊಗುತ್ತದೆ. ಒಂದೆರಡು ವಾರದಲ್ಲಿ ಹೊಸ ಗುಳ್ಳೆ ಒಡೆದು ಮತ್ತಷ್ಟು ಪುಡಿ ಹೊರಬೀಳುತ್ತದೆ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆಯ ತಿಂಗಳು ಸೆಪ್ಟೆಂಬರ್. ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ರಾತ್ರಿ ಮಳೆ, ಬೆಳಗ್ಗೆ ಮೋಡ. ಎಲೆ ಆರುವುದೇ ಇಲ್ಲ. ತುಕ್ಕು ಹೆಚ್ಚುವುದೂ ಆಗಲೇ. ಕರಾವಳಿಯಲ್ಲಿ ಜೂನ್‌ನಿಂದಲೇ ಶುರು. ಬಿಜಾಪುರ, ರಾಯಚೂರಿನ ಕಡೆ ಇದರ ಆಟ ಅಷ್ಟಕ್ಕಷ್ಟೆ.

ಎಲೆಯೇ ಬಂಡವಾಳ

ತುಕ್ಕು ದೇವಕಣಗಿಲೆಯನ್ನು ಕೊಲ್ಲುವುದಿಲ್ಲ. ದೊಡ್ಡ ಮರ ಹೇಗೂ ಚಳಿಗಾಲ ಮುಗಿಯುವುದರೊಳಗೆ ಎಲೆ ಕಳಚಿ ಬೋಳಾಗಿ, ಬೇಸಿಗೆ ಮಳೆಗೆ ಚಿಗುರಿ ಹೂ ಬಿಡುತ್ತದೆ. ಜನವರಿಯಲ್ಲಿ ಉದುರಬೇಕಾದ ಎಲೆ ಅಕ್ಟೋಬರ್‌ನಲ್ಲಿ ಉದುರಿದರೆ ಅಂದ ಕೆಡುತ್ತದೆ ನಿಜ. ಆದರೆ ಅಷ್ಟರಲ್ಲಿ ಆ ಎಲೆಗಳು ದುಡಿದು ಕೊಡಬೇಕಾದದ್ದನ್ನು ಬಹುಪಾಲು ಕೊಟ್ಟಾಗಿರುತ್ತದೆ. ಅದರ ದಪ್ಪ ಕೊಂಬೆಗಳಲ್ಲಿ ನೀರು, ಪಿಷ್ಟ ಬೇಕಾದಷ್ಟು ಕೂಡಿಟ್ಟಿರುತ್ತದೆ.

ಎಳೆಯ ಗಿಡದ ಲೆಕ್ಕ ಬೇರೆ. ನೆಟ್ಟ ಮೊದಲ ಎರಡು ವರ್ಷ ಅದಕ್ಕಿರುವುದು ಹತ್ತಿಪ್ಪತ್ತು ಎಲೆ. ಬೇರು ಇಳಿಯಬೇಕಾದದ್ದು, ಕಾಂಡ ದಪ್ಪವಾಗಬೇಕಾದದ್ದು ಆ ಎಲೆಗಳ ದುಡಿಮೆಯಿಂದ. ಆಗಸ್ಟ್‌ನಲ್ಲೇ ಎಲೆ ಉದುರಿದರೆ ಗಿಡ ಕೂಡಿಟ್ಟದ್ದನ್ನು ತೆಗೆದು ಮತ್ತೆ ಚಿಗುರುತ್ತದೆ. ಆ ಚಿಗುರಿಗೂ ರೋಗ ತಗಲುತ್ತದೆ. ಎರಡು ಮಳೆಗಾಲ ಹೀಗಾದರೆ ಗಿಡ ಸಾಯದಿದ್ದರೂ ಬೆಳೆಯುವುದಿಲ್ಲ, ನೆಟ್ಟಾಗ ಇದ್ದಷ್ಟೇ ಇರುತ್ತದೆ. ಒಣಗಿಹೋಯಿತೆಂದು ಯಾರೋ ಕಿತ್ತೆಸೆಯುತ್ತಾರೆ. ದೇವಕಣಗಿಲೆಗೆ ಮಾತ್ರವಲ್ಲ, ಹೊಳೆದಾಸವಾಳ, ಸಂಪಿಗೆ, ಹೊಂಗೆ, ಕಕ್ಕೆ, ಯಾವುದಕ್ಕಾದರೂ ಇದೇ ಲೆಕ್ಕ. ಆದ್ದರಿಂದ ಬಲಿತ ಮರದ ಎಲೆಚುಕ್ಕೆಗೆ ದುಡ್ಡು ಸುರಿಯುವುದು ದಂಡ. ಎಳೆಯ ಗಿಡದ ಎಲೆಯನ್ನು ಮೊದಲ ಎರಡು ಮೂರು ವರ್ಷ ಕಾಯುವುದು ಮಾತ್ರ ಸಾರ್ಥಕ.

ಕಾಯುವುದೆಂದರೆ ಸಿಂಪಡಿಸುವುದು ಎಂದು ಯಾರು ಕಲಿಸಿದರೋ ತಿಳಿಯದು. ಎಲೆ ಬೇಗ ಆರಬೇಕು, ಬಿದ್ದ ರೋಗದೆಲೆ ಗಿಡದ ಬುಡದಲ್ಲಿ ಇರಬಾರದು. ಈ ಎರಡು ಮಾತಿನಲ್ಲಿ ಮುಕ್ಕಾಲು ಪಾಲು ಕೆಲಸ ಮುಗಿಯುತ್ತದೆ. ಸಂಜೆ ಪೈಪು ಹಿಡಿದು ಗಿಡದ ತಲೆಯಿಂದ ಬುಡದವರೆಗೆ ಸ್ನಾನ ಮಾಡಿಸುವ ಪ್ರೀತಿ ಗಿಡಕ್ಕೆ ಒಳ್ಳೆಯದಲ್ಲ. ರಾತ್ರಿಯಿಡೀ ಎಲೆ ಒದ್ದೆ. ನೀರು ಬುಡಕ್ಕೆ, ಅದೂ ಬೆಳಗ್ಗೆ. ಅಪಾರ್ಟ್‌ಮೆಂಟುಗಳಲ್ಲಿ ಹುಲ್ಲುಹಾಸಿಗೆಂದು ಹಾಕಿದ ಸ್ಪ್ರಿಂಕ್ಲರ್ ದಿನಾ ಎರಡು ಹೊತ್ತು ಎಳೆ ಮರಗಳ ಎಲೆಗೂ ನೀರು ಚಿಮ್ಮಿಸುತ್ತಿರುತ್ತದೆ. ಅದರ ಮುಖ ತಿರುಗಿಸದೆ ತಿಂಗಳಿಗೊಮ್ಮೆ ಔಷಧಿ ಹೊಡೆಸುವ ಗುತ್ತಿಗೆಗೆ ಸಹಿ ಹಾಕುವ ಸಂಘಗಳನ್ನು ಕಂಡಾಗ, ಪಾಪ, ಖಜಾಂಚಿಗಳ ಮೇಲೆ ಕನಿಕರ ಹುಟ್ಟುತ್ತದೆ.

ಗಿಡ ನೆಡುವ ಅಂತರವೂ ಅಷ್ಟೇ ಮುಖ್ಯ. ದೇವಕಣಗಿಲೆ ಬೆಳೆದು ನಿಂತರೆ ಹದಿನೈದಿಪ್ಪತ್ತು ಅಡಿ ಹರಡುತ್ತದೆ. ಕಾಂಪೌಂಡ್ ಗೋಡೆಯ ಮೂಲೆಯಲ್ಲಿ, ಗಾಳಿ ತಿರುಗದ ಕಡೆ, 'ದಟ್ಟವಾಗಿ ಕಾಣಲಿ' ಎಂದು ಮೂರು ಮೂರು ಅಡಿಗೊಂದು ನೆಟ್ಟರೆ ರೋಗಕ್ಕೆ ನಾವೇ ಚಪ್ಪರ ಹಾಕಿದಂತಾಯಿತು. ಒಳಗೊಳಗೆ ಹೆಣೆದುಕೊಂಡ ಕೊಂಬೆಗಳನ್ನು ಗಿಡ ಬೋಳಾಗಿರುವ ಫೆಬ್ರವರಿ ಹೊತ್ತಿಗೆ ತೆಗೆದುಬಿಡಬೇಕು, ಮಳೆಗಾಲದಲ್ಲಲ್ಲ.

ಮೊದಲ ಗುಳ್ಳೆ ಕಂಡ ಎಲೆಗಳನ್ನು ಕತ್ತರಿಯಿಂದ ತೆಗೆದು ಚೀಲಕ್ಕೆ ಹಾಕಿ. ಆರಂಭದಲ್ಲೇ ಮಾಡಿದರೆ ಇದರಷ್ಟು ಅಗ್ಗದ ಚಿಕಿತ್ಸೆ ಇನ್ನೊಂದಿಲ್ಲ. ಆದರೆ ಎಳೆಯ ಗಿಡದಲ್ಲಿ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಎಲೆ ಕೀಳಬೇಡಿ. ರೋಗ ಮಾಡುವ ನಷ್ಟವನ್ನು ಕತ್ತರಿಯೇ ಮಾಡಿದ ಹಾಗಾಗುತ್ತದೆ. ಅರ್ಧ ಹಳದಿಯಾದ ಎಲೆಯೂ ಉಳಿದರ್ಧದಲ್ಲಿ ದುಡಿಯುತ್ತಿರುತ್ತದೆ. ಕತ್ತರಿಸುವಾಗ ಸೋರುವ ಹಾಲು ಕೆಲವರಿಗೆ ಚರ್ಮ ಉರಿ ತರುತ್ತದೆ; ಕಣ್ಣಿಗಂತೂ ತಾಗಬಾರದು. ಬಿದ್ದ ಎಲೆಗಳನ್ನು ವಾರಕ್ಕೆರಡು ಸಲ ಗುಡಿಸಿ, ಗೊಬ್ಬರದ ಗುಂಡಿಯ ನಡುವೆ ಹಾಕಿ, ಮೇಲೆ ಮಣ್ಣೋ ಒಣ ಹುಲ್ಲೋ ಮುಚ್ಚಿದರೆ ಸಾಕು. ಜೀವಂತ ಎಲೆ ಬೇಕೆನ್ನುವ ಶಿಲೀಂಧ್ರ ಅಲ್ಲಿ ಬಾಳುವುದಿಲ್ಲ. ಸುಡುವುದು ಬೇಡ. ಬೀದಿಯಲ್ಲಿ ಎಲೆ ಸುಡುವುದು ನಿಯಮಕ್ಕೂ ವಿರುದ್ಧ, ಎದುರು ಮನೆಯ ಆಸ್ತಮಾ ರೋಗಿಗೂ ಹಿಂಸೆ.

ಇಷ್ಟು ಮಾಡುವಾಗ ಒಂದು ವಿಚಿತ್ರವನ್ನು ಗಮನಿಸಿ. ಕಿತ್ತಳೆ ಗುಳ್ಳೆಗಳ ನಡುವೆ ಅದೇ ಬಣ್ಣದ, ಕಣ್ಣಿಗೆ ಕಂಡೂ ಕಾಣದಂಥ ಪುಟ್ಟ ಹುಳುಗಳು ಹರಿದಾಡುತ್ತಿರಬಹುದು. ಅವು ಮೈಕೊಡಿಪ್ಲೋಸಿಸ್ ಎಂಬ ಕುಲದ ಸಣ್ಣ ನೊಣದ ಮರಿಗಳು. ಎಲೆಯನ್ನು ಮುಟ್ಟವು, ತುಕ್ಕಿನ ಬೀಜಕಗಳನ್ನೇ ತಿಂದು ಬದುಕುತ್ತವೆ. ರೋಗವನ್ನು ನಿಲ್ಲಿಸುವಷ್ಟು ಹೊಟ್ಟೆ ಅವಕ್ಕಿಲ್ಲ ನಿಜ, ಆದರೆ ನಮ್ಮ ಪಕ್ಷದವು. ಅಂಗಡಿಯವರು ಕೊಟ್ಟ ಎರಡನೆಯ ಬಾಟಲಿಯ ಕೀಟನಾಶಕ ಮೊದಲು ಕೊಲ್ಲುವುದು ಇವನ್ನೇ.

ಎಲ್ಲ ಚುಕ್ಕೆಯೂ ಶಿಲೀಂಧ್ರವಲ್ಲ

ಹೊಂಗೆಯ ಎಲೆಯ ಮೇಲೆ ಬೆರಳಿನಂತೆ ಎದ್ದುನಿಲ್ಲುವ ಗಂಟುಗಳನ್ನು ನೋಡದವರಿಲ್ಲ. ಬೀದಿಬದಿಯ ಎಳೆ ಹೊಂಗೆಗಳು ಕೆಲವು ವರ್ಷ ಗಂಟುಮಯವಾಗಿಬಿಡುತ್ತವೆ. ಅದಕ್ಕೆ ಶಿಲೀಂಧ್ರನಾಶಕ ಹೊಡೆಸುವವರಿದ್ದಾರೆ. ಅದು ಶಿಲೀಂಧ್ರವೇ ಅಲ್ಲ. ಅಸೀರಿಯ ಪೊಂಗಾಮಿಯೆ ಎಂಬ ಅತಿಸಣ್ಣ ನುಸಿ ಎಲೆಯನ್ನು ಹಾಗೆ ಬೆಳೆಯುವಂತೆ ಮಾಡುತ್ತದೆ, ಗಂಟಿನೊಳಗೆ ತಾನು ವಾಸ ಮಾಡುತ್ತದೆ. ಎದ್ದ ಗಂಟು ಯಾವ ಔಷಧಿಗೂ ಇಳಿಯುವುದಿಲ್ಲ. ಹೊಂಗೆ ಅದನ್ನು ಲೆಕ್ಕಕ್ಕೂ ಇಡುವುದಿಲ್ಲ, ಎಲೆ ಉದುರಿಸಿ ಹೊಸದು ತೊಡುತ್ತದೆ. ಏಳೆಲೆ ಹಾಲೆಯ ಎಲೆಗಂಟು ಸಸ್ಯರಸ ಹೀರುವ ಪುಟ್ಟ ಕೀಟವೊಂದರ ಕೆಲಸ. ಅಲ್ಲೂ ಶಿಲೀಂಧ್ರನಾಶಕ ದಂಡ.

ಎಲೆಯ ಮೇಲೆ ಮಸಿ ಬಳಿದಂತಿದ್ದು, ಒದ್ದೆ ಬಟ್ಟೆಯಿಂದ ಉಜ್ಜಿದರೆ ಬಿಟ್ಟುಬಂದರೆ ಅದು ಕಪ್ಪು ಬೂಷ್ಟು. ಮೇಲಿನ ಕೊಂಬೆಯಲ್ಲಿ ಹಿಟ್ಟು ತಿಗಣೆಯೋ ಶಲ್ಕಕೀಟವೋ ಕೂತು ಸಿಹಿ ಅಂಟು ಸುರಿಸುತ್ತಿದೆ, ಅದರ ಮೇಲೆ ಬೂಷ್ಟು ಬೆಳೆದಿದೆ ಎಂದರ್ಥ. ಎಲೆಗೆ ರೋಗವಿಲ್ಲ, ಕೀಟವನ್ನು ನೋಡಿಕೊಳ್ಳಬೇಕು. ಎಲೆಯ ಅಂಚು ಮಾತ್ರ ಸುಟ್ಟಂತಿದ್ದರೆ ಬಹುಶಃ ಬೋರ್‌ವೆಲ್ ನೀರಿನ ಉಪ್ಪು, ಇಲ್ಲವೇ ನೀರಿನ ಕೊರತೆ. ಎಳೆ ಎಲೆ ಹಳದಿಯಾಗಿ ನರ ಮಾತ್ರ ಹಸಿರಾಗಿದ್ದರೆ ಕಬ್ಬಿಣಾಂಶ ಸಿಗುತ್ತಿಲ್ಲ. ಹೊಸ ಬಡಾವಣೆಗಳಲ್ಲಿ ಇದು ಸಾಮಾನ್ಯ, ಏಕೆಂದರೆ ಮನೆ ಕಟ್ಟಿ ಉಳಿದ ಸಿಮೆಂಟು, ಸುಣ್ಣ, ಗಾರೆಯ ಚೂರಿನ ಮೇಲೆ ಅರ್ಧ ಅಡಿ ಕೆಮ್ಮಣ್ಣು ಹರಡಿ ಅದರಲ್ಲಿ ಗಿಡ ನೆಟ್ಟಿರುತ್ತಾರೆ. ಆ ಗಿಡಕ್ಕೆ ಬೇಕಿರುವುದು ಹೊಸ ಗುಂಡಿ, ಒಳ್ಳೆಯ ಮಣ್ಣು.

ಬೂದಿ ರೋಗದ ಸ್ವಭಾವವೇ ಬೇರೆ. ಮಾವಿನ ಹೂವಿಗೆ ಬರುವ ಬೂದಿ ರೋಗ ರೈತರಿಗೆಲ್ಲ ಗೊತ್ತು. ತೋಟಗಾರಿಕೆಯವರು ಕ್ರೇಪ್ ಮಿರ್ಟಲ್ ಎಂದು ಕರೆಯುವ ಸಣ್ಣ ಹೊಳೆದಾಸವಾಳಕ್ಕೆ ಅದರ ಸೋದರ ಬರುತ್ತದೆ. ಚಿಗುರು ಮೊಗ್ಗುಗಳ ಮೇಲೆ ಬಿಳಿ ಹಿಟ್ಟು, ಸುರುಟಿದ ಎಲೆ, ಅರಳದೆ ಉಳಿದ ಮೊಗ್ಗು. ತುಕ್ಕಿಗೆ ಬೇಕಾದ ನೀರಿನ ಪದರ ಇದಕ್ಕೆ ಬೇಕಿಲ್ಲ. ಜಡಿಮಳೆ ಬಂದರೆ ಬೀಜಕ ತೊಳೆದುಹೋಗಿ ತಗ್ಗುವುದೂ ಉಂಟು. ಒಣ ಹಗಲು, ತೇವದ ತಂಪು ರಾತ್ರಿ, ನೆರಳು, ಯೂರಿಯ ತಿಂದು ಕೊಬ್ಬಿದ ಚಿಗುರು, ಇವಿದ್ದರೆ ಸಾಕು. ಹೀಗಾಗಿ ಬೆಂಗಳೂರಿನಲ್ಲಿ ಮಳೆ ನಿಂತ ಮೇಲೆ ಇದರ ಕಾಲ. ಬಿಸಿಲಿಗೆ ನೆಟ್ಟರೆ, ಸಾರಜನಕದ ಗೊಬ್ಬರ ಕಡಿಮೆ ಮಾಡಿದರೆ ಅರ್ಧ ಸಮಸ್ಯೆ ಇಲ್ಲ.

ಇನ್ನರ್ಧಕ್ಕೆ ಅಮೆರಿಕನ್ನರು ಕಂಡುಕೊಂಡ ದಾರಿ ನನಗೆ ಬಹಳ ಇಷ್ಟ. ಅಲ್ಲಿನ ದಕ್ಷಿಣದ ರಾಜ್ಯಗಳಲ್ಲಿ ಬೀದಿಬೀದಿಯಲ್ಲೂ ಈ ಗಿಡವಿದೆ, ಬೂದಿ ರೋಗದ ಕಾಟವೂ ಇತ್ತು. 1956ರಲ್ಲಿ ಜಾನ್ ಕ್ರೀಚ್ ಎಂಬ ಸಸ್ಯಸಂಗ್ರಾಹಕ ಜಪಾನಿನ ಯಾಕುಶಿಮ ದ್ವೀಪದ ಕಾಡಿನಿಂದ ಹೊಳೆದಾಸವಾಳದ ಇನ್ನೊಂದು ಪ್ರಭೇದದ ಬೀಜ ತಂದರು. ಹೂ ಬಿಳಿ, ಸಾಧಾರಣ; ಎಲೆಗೆ ಮಾತ್ರ ಬೂದಿ ಹತ್ತುತ್ತಿರಲಿಲ್ಲ. ವಾಷಿಂಗ್ಟನ್‌ನ ರಾಷ್ಟ್ರೀಯ ಸಸ್ಯೋದ್ಯಾನದ ಡೊನಾಲ್ಡ್ ಈಗಾಲ್ಫ್ ಅದನ್ನು ಬಣ್ಣದ ಹೂವಿನ ಗಿಡಗಳೊಂದಿಗೆ ವರ್ಷಗಟ್ಟಲೆ ಸಂಕರ ಮಾಡಿ, 1978ರಲ್ಲಿ 'ನ್ಯಾಚೆಜ್', 'ಮಸ್ಕೋಗಿ' ಮೊದಲಾದ ತಳಿಗಳನ್ನು ಬಿಡುಗಡೆ ಮಾಡಿದರು. ಎಷ್ಟು ಡ್ರಮ್ಮು ಗಂಧಕದ ಸಿಂಪರಣೆ ಇದರಿಂದ ಉಳಿದಿರಬಹುದು! ನಮ್ಮ ನರ್ಸರಿಗಳಲ್ಲಿ ಗಿಡ ಕೊಳ್ಳುವಾಗ ಹೂವಿನ ಬಣ್ಣ ಕೇಳುತ್ತೇವೆ, ಎತ್ತರ ಕೇಳುತ್ತೇವೆ, ರೋಗ ತಡೆಯುವ ತಳಿಯೇ ಎಂದು ಕೇಳುವುದಿಲ್ಲ. ಕೇಳದಿದ್ದರೆ ತರಿಸುವುದೂ ಇಲ್ಲ.

ದೇವಕಣಗಿಲೆಯಲ್ಲೂ ವ್ಯತ್ಯಾಸವಿದೆ. ಚೂಪು ತುದಿಯ ಎಲೆ, ಬಣ್ಣಬಣ್ಣದ ಹೂವಿನ ಪ್ಲುಮೇರಿಯ ರೂಬ್ರ ಸುಲಭವಾಗಿ ತುಕ್ಕಿಗೆ ಬಲಿಯಾಗುತ್ತದೆ. ದುಂಡು ತುದಿಯ, ಹೊಳಪಿನ ದಪ್ಪ ಎಲೆಯ, ಬಿಳಿ ಹೂವಿನ ಪ್ಲುಮೇರಿಯ ಆಬ್ಟ್ಯೂಸ ಹೆಚ್ಚು ತಡೆದುಕೊಳ್ಳುತ್ತದೆ. ಗಾಳಿಬೆಳಕಿಲ್ಲದ ಜಾಗವಾದರೆ, ಬಣ್ಣದ ಆಸೆ ಬಿಟ್ಟು ಎರಡನೆಯದನ್ನು ನೆಡುವುದು ಬುದ್ಧಿವಂತಿಕೆ.

ಮಲೆನಾಡಿಗೆ ಗೊತ್ತಿದ್ದದ್ದು

ಔಷಧಿ ಹೊಡೆಯಲೇಬೇಕಾದಾಗ ಹೇಗೆ ಹೊಡೆಯಬೇಕೆಂದು ಪೇಟೆಯವರು ಕಲಿಯಬೇಕಾದದ್ದು ಮಲೆನಾಡಿನವರಿಂದ. 1869ರಲ್ಲಿ ಸಿಲೋನಿನಲ್ಲಿ ಕಾಣಿಸಿಕೊಂಡು ಅಲ್ಲಿನ ಕಾಫಿಯನ್ನೇ ಮುಗಿಸಿದ ಎಲೆ ತುಕ್ಕು ಬೇಗನೆ ಕೊಡಗು, ಚಿಕ್ಕಮಗಳೂರಿನ ಸೀಮೆಗೂ ಬಂದಿತು. ದೇವಕಣಗಿಲೆಯ ತುಕ್ಕಿನ ಹಾಗೇ ಅದೂ ಎಲೆಯ ಬೆನ್ನಿಗೆ ಕಿತ್ತಳೆ ಪುಡಿ. ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ ತುಕ್ಕು ತಡೆಯುವ ತಳಿಗಳಿಗಾಗಿ ದಶಕಗಟ್ಟಲೆ ದುಡಿಯಿತು. ಜೊತೆಗೆ ಬೆಳೆಗಾರರು ಕಲಿತ ಶಿಸ್ತೊಂದಿದೆ: ಶೇಕಡ 0.5ರ ಬೋರ್ಡೋ ದ್ರಾವಣವನ್ನು ಮುಂಗಾರಿಗೆ ಮುಂಚೆ ಒಮ್ಮೆ, ಮಳೆಯ ಬಿರುಸು ತಗ್ಗಿದ ಮೇಲೆ ಮತ್ತೊಮ್ಮೆ, ಎಲೆಯ ಕೆಳಭಾಗ ತೋಯುವಂತೆ ಹೊಡೆಯುವುದು. ಚುಕ್ಕೆ ಕಂಡಮೇಲೆ ಓಡಿಹೋಗಿ ಹೊಡೆಯುವುದಲ್ಲ.

ಅಡಿಕೆಯ ಕೊಳೆರೋಗದಲ್ಲೂ ಅದೇ ಪಾಠ. ಕೆನಡಾದ ಲೆಸ್ಲಿ ಕೋಲ್ಮನ್ 1908ರಲ್ಲಿ ಮೈಸೂರು ಸಂಸ್ಥಾನದ ಕೃಷಿ ವಿಜ್ಞಾನಿಯಾಗಿ ಬಂದಾಗ ಮಲೆನಾಡಿನ ರೈತರು ಗೊನೆಗೆ ಕೊಟ್ಟೆ ಕಟ್ಟಿ ಮಳೆ ತಡೆಯುತ್ತಿದ್ದರು. ಕೋಲ್ಮನ್ ರೋಗದ ಮೂಲ ಹುಡುಕಿ, ಬೋರ್ಡೋ ದ್ರಾವಣ ಹೊಡೆಯುವುದನ್ನು ತೋಟತೋಟಗಳಲ್ಲಿ ತೋರಿಸಿಕೊಟ್ಟರು. ಆ ರೋಗ ತರುವ ಜೀವಿಯನ್ನು ಇಂದಿನ ವಿಜ್ಞಾನ ನಿಜವಾದ ಶಿಲೀಂಧ್ರಗಳ ಸಾಲಿಗೆ ಸೇರಿಸುವುದಿಲ್ಲ, ಅದು ಬೇರೆ ಮಾತು. ದ್ರಾವಣದ ಹುಟ್ಟೂ ಸ್ವಾರಸ್ಯದ್ದು. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ದ್ರಾಕ್ಷಿ ಕದಿಯದಿರಲೆಂದು ರಸ್ತೆಬದಿಯ ಬಳ್ಳಿಗಳಿಗೆ ಮೈಲುತುತ್ತ, ಸುಣ್ಣ ಕಲಸಿ ಎರಚುತ್ತಿದ್ದರು. ಆ ಬಳ್ಳಿಗಳಿಗೆ ಮಾತ್ರ ರೋಗ ಹತ್ತದ್ದನ್ನು ಗಮನಿಸಿದ ಪ್ರೊಫೆಸರ್ ಮಿಲಾರ್ಡೆ 1885ರಲ್ಲಿ ಅದನ್ನು ಔಷಧಿಯೆಂದು ಪ್ರಕಟಿಸಿದರು.

ಮನೆಯ ನಾಲ್ಕು ಗಿಡಕ್ಕೆ ಹತ್ತು ಲೀಟರ್ ಸಾಕು. ಎಳೆ ಎಲೆಗೆ ಶೇಕಡ ಒಂದರದು ಖಾರವಾಗಬಹುದು, ಆದ್ದರಿಂದ ಕಾಫಿಯ ಲೆಕ್ಕವೇ ಸರಿ: 50 ಗ್ರಾಂ ಮೈಲುತುತ್ತವನ್ನು ಐದು ಲೀಟರ್ ನೀರಿನಲ್ಲಿ, 50 ಗ್ರಾಂ ಒಳ್ಳೆಯ ಸುಣ್ಣವನ್ನು ಇನ್ನೈದು ಲೀಟರ್ ನೀರಿನಲ್ಲಿ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಬೇಕು. ಪ್ಲಾಸ್ಟಿಕ್ ಬಕೆಟ್ ಇರಲಿ, ಕಬ್ಬಿಣದ ಪಾತ್ರೆ ಬೇಡ. ಹೊಳೆಯುವ ಚಾಕುವಿನ ಅಲಗನ್ನು ಒಂದು ನಿಮಿಷ ಅದ್ದಿ ತೆಗೆಯಿರಿ. ಕೆಂಪಗೆ ತಾಮ್ರ ಹತ್ತಿದರೆ ಸುಣ್ಣ ಸಾಲದು, ಇನ್ನಷ್ಟು ಸುಣ್ಣದ ತಿಳಿ ಸೇರಿಸಿ ಮತ್ತೆ ನೋಡಿ. ಶೋಧಿಸಿ, ಅಂದೇ ಬಳಸಿ. ಮರುದಿನಕ್ಕೆ ಅದು ಕೆಲಸಕ್ಕೆ ಬಾರದು. ದೇವಕಣಗಿಲೆಯ ಎಲೆ ಮೇಣದ ಎಲೆ, ಹನಿ ಜಾರುತ್ತದೆ. ಮಲೆನಾಡಿನವರು ಇಂದಿಗೂ ರಾಳ ಸೇರಿಸುವುದು ಇದಕ್ಕೇ. ಪೇಟೆಯಲ್ಲಿ ಸಿಗುವ ಅಂಟುದ್ರಾವಣವೂ ಆದೀತು. ಮೀನಿನ ಕೊಳದ ಪಕ್ಕದಲ್ಲಿ ಮಾತ್ರ ತಾಮ್ರದ ಔಷಧಿ ಬೇಡ.

ಬೋರ್ಡೋ ಕಾವಲುಗಾರನಷ್ಟೆ. ಒಳಹೊಕ್ಕ ರೋಗವನ್ನು ಹೊರಹಾಕುವ ಶಕ್ತಿ ಅದಕ್ಕಿಲ್ಲ. ನೀರಲ್ಲಿ ಕರಗುವ ಗಂಧಕದ ಪುಡಿಯೂ ಹಾಗೆಯೇ. ಲೀಟರಿಗೆ ಎರಡರಿಂದ ಮೂರು ಗ್ರಾಂ, ಬೂದಿ ರೋಗಕ್ಕೆ ಒಳ್ಳೆಯದು, ತುಕ್ಕಿಗೂ ತಕ್ಕಮಟ್ಟಿಗೆ. ಆದರೆ 32 ಡಿಗ್ರಿ ದಾಟಿದ ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ, ಬೇವಿನೆಣ್ಣೆ ಹೊಡೆದ ಎರಡು ವಾರದೊಳಗೆ ಹೊಡೆದರೂ ಸುಡುತ್ತದೆ. ಒಳಗೆ ಹೀರಿಕೊಂಡು ಕೆಲಸ ಮಾಡುವ ಹೆಕ್ಸಾಕೊನಜೋಲ್, ಪ್ರೊಪಿಕೊನಜೋಲ್ ಗುಂಪಿನವು ತುಕ್ಕಿಗೆ ನಿಜಕ್ಕೂ ತಾಗುತ್ತವೆ. ಅಂಗಡಿಯವರು ಹೇಳದ ಮಾತೆಂದರೆ, ಇವು ಗಿಡದ ಬೆಳವಣಿಗೆಯ ಹಾರ್ಮೋನಿಗೂ ಅಡ್ಡಿ ಮಾಡುತ್ತವೆ. ಪದೇ ಪದೇ ಹೊಡೆದ ಎಳೆಗಿಡ ಕುಳ್ಳಾಗುತ್ತದೆ. ಬೆಳೆಯಲೆಂದು ಕಾಯುತ್ತಿರುವ ಗಿಡಕ್ಕೆ ಇದು ಬೇಕೆ? ಡಬ್ಬಿಯ ಮೇಲಿನ ಪ್ರಮಾಣ ಮೀರದೆ, ಮಳೆಗಾಲದಲ್ಲಿ ಒಂದು ಸಲ, ಹೆಚ್ಚೆಂದರೆ ಎರಡು ಸಲ. ಮೆಟಲಾಕ್ಸಿಲ್ ಕೊಟ್ಟರೆ ವಾಪಸು ಕೊಡಿ, ಅದು ಕೊಳೆರೋಗದ ಬಗೆಯ ಜೀವಿಗಳಿಗೆ, ತುಕ್ಕಿಗಲ್ಲ. ಟ್ರೈಕೋಡರ್ಮ ಒಳ್ಳೆಯದೇ, ಆದರೆ ಅದರ ಕಾರ್ಯಕ್ಷೇತ್ರ ಮಣ್ಣು ಮತ್ತು ಬೇರು.

ಮಜ್ಜಿಗೆಯ ಮಾತನ್ನು ನಗೆಯಾಡಿ ತಳ್ಳಿಹಾಕುವಂತಿಲ್ಲ. ಬ್ರೆಜಿಲ್‌ನ ವ್ಯಾಗ್ನರ್ ಬೆಟ್ಟಿಯೊಲ್ ನೀರು ಬೆರೆಸಿದ ಹಸುವಿನ ಹಾಲು ಕುಂಬಳ ಜಾತಿಯ ಗಿಡದ ಬೂದಿ ರೋಗವನ್ನು ತಗ್ಗಿಸುತ್ತದೆ ಎಂದು 1999ರಲ್ಲಿ ಪ್ರಯೋಗದಿಂದ ತೋರಿಸಿದ್ದಾರೆ. ಆದರೆ ಅದು ಎಲೆಯ ಮೇಲ್ಮೈಯಲ್ಲೇ ಬೆಳೆಯುವ ಬೂದಿ ರೋಗಕ್ಕೆ. ಎಲೆಯೊಳಗೆ ಬೇರೂರಿದ ತುಕ್ಕಿಗೆ ಹಾಲೂ ಇಲ್ಲ, ಮಜ್ಜಿಗೆಯೂ ಇಲ್ಲ. ಅಡುಗೆ ಸೋಡ ಮತ್ತೆ ಮತ್ತೆ ಹೊಡೆದರೆ ಅದರ ಸೋಡಿಯಂ ಮಣ್ಣಿಗಿಳಿದು ಬೇರಿಗೆ ತೊಂದರೆ. ಏನನ್ನೇ ಹೊಡೆಯಲಿ, ಕೈಗವಸು, ಮುಖವಸ್ತ್ರ ಇರಲಿ. ದೇವಕಣಗಿಲೆಯ ಹೂವು ದೇವರ ಮುಡಿಗೆ, ಮಕ್ಕಳ ಕೈಗೆ ಹೋಗುತ್ತದೆ. ಸಿಂಪಡಿಸಿದ ಗಿಡದ ಹೂವನ್ನು ಕೆಲವು ದಿನ ಯಾರೂ ಕೀಳದಂತೆ ಬೆಳಗಿನ ವಾಯುವಿಹಾರಿಗಳಿಗೆ ಒಂದು ಚೀಟಿ ಕಟ್ಟಿಡುವುದು ಒಳಿತು.

ಎಲೆಚುಕ್ಕೆಯನ್ನು ಹಗುರವಾಗಿ ತೆಗೆದುಕೊಳ್ಳಿ ಎಂದು ಇಷ್ಟು ಹೊತ್ತು ಹೇಳಿದ್ದಕ್ಕೆ ಒಂದು ಅಪವಾದವಿದೆ. ಕೊಂಬೆಯ ತುದಿಯಿಂದ ಹಿಂದಕ್ಕೆ ಒಣಗುತ್ತಾ ಬಂದರೆ ಅದು ಬರೀ ಎಲೆಯ ರೋಗವಲ್ಲ. ಮಳೆಗಾಲದ ಕೊನೆಗೆ ಬೇವಿನ ಮರಗಳ ತುದಿಗಳು ಕಂದಾಗಿ ಸುಟ್ಟಂತೆ ಕಾಣುವುದನ್ನು ದಕ್ಷಿಣ ಕರ್ನಾಟಕದ ಹೆದ್ದಾರಿಗಳಲ್ಲಿ ನೋಡಿರುತ್ತೀರಿ. ಅದನ್ನು ತರುವ ಫೋಮಾಪ್ಸಿಸ್ ಅಜಾಡಿರಾಕ್ಟೆ ಎಂಬ ಶಿಲೀಂಧ್ರವನ್ನು 1990ರ ದಶಕದಲ್ಲಿ ಹೊಸ ಪ್ರಭೇದವೆಂದು ಗುರುತಿಸಿ ಹೆಸರಿಟ್ಟವರು ಮೈಸೂರಿನ ಸಂಶೋಧಕರು. ದೊಡ್ಡ ಬೇವು ಚೇತರಿಸಿಕೊಳ್ಳುತ್ತದೆ, ಎಳೆಯದು ಎಲ್ಲ ಸಲವೂ ಅಲ್ಲ. ಒಣಗಿದ ತುದಿಯಿಂದ ಒಂದು ಗೇಣು ಕೆಳಗೆ, ಹಸಿ ಭಾಗದಲ್ಲಿ ಕತ್ತರಿಸಬೇಕು. ಪ್ರತಿ ಸಲ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಬೇಕು. ಕತ್ತರಿಸಿದ ಜಾಗಕ್ಕೆ ಬೋರ್ಡೋ ಮುಲಾಮು ಹಚ್ಚಬೇಕು. ಇಲ್ಲಿ ತಡ ಮಾಡುವಂತಿಲ್ಲ.

ಇವೆಲ್ಲದರ ಮೂಲ ಬಹುಪಾಲು ನರ್ಸರಿಯಲ್ಲಿದೆ. ಒಂದಕ್ಕೊಂದು ಒತ್ತಿಟ್ಟ ಪಾಲಿಥಿನ್ ಚೀಲಗಳು, ಹಸಿರು ಪರದೆಯ ನೆರಳು, ದಿನಕ್ಕೆರಡು ಸಲ ಮೇಲಿಂದ ಪೈಪಿನ ನೀರು. ತುಕ್ಕು ಇದಕ್ಕಿಂತ ಸುಖವಾದ ಜಾಗವನ್ನು ಕೇಳಲಾರದು. ಈ ಜೂನ್‌ನಲ್ಲಿ ಗಿಡ ಕೊಳ್ಳಲು ಹೋದಾಗ ಹೂ ಬಿಟ್ಟದ್ದನ್ನೇ ಎತ್ತಿಕೊಳ್ಳಬೇಡಿ. ನಾಲ್ಕೆಲೆ ಮಗುಚಿ ನೋಡಿ. ಬೆನ್ನಿಗೆ ಕಿತ್ತಳೆ ಗುಳ್ಳೆ ಕಂಡರೆ ಅಲ್ಲೇ ಇಟ್ಟು ಮುಂದಿನ ಸಾಲಿಗೆ ಹೋಗಿ. ಏಕೆ ಬೇಡವೆಂದು ಮಾಲೀಕರಿಗೂ ಹೇಳಿ ಬನ್ನಿ.